ಎಂಟು ಹತ್ತರ ಬಸ್ಸಿನ ನೀಲಿ ಡಬ್ಬಿ

ಸುರಕ್ಷಾಳಿಗೆ ಶ್ರವಣನ ಪರಿಚಯವಾದದ್ದು ಬೈಗುಳದಿಂದ.

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೊರಡುವ ಎಂಟು ಹತ್ತರ ಬಸ್ಸಿನಲ್ಲಿ ಅವಳು ದಿನವೂ ಒಂದು ನೀಲಿ ಐಸ್ ಡಬ್ಬಿ ಕಳಿಸುತ್ತಿದ್ದಳು. ಕಂಡಕ್ಟರ್ ನೋಣಯ್ಯ ಅದನ್ನು ಡ್ರೈವರನ ಹಿಂದಿನ ಸೀಟಿನ ಕೆಳಗೆ ಇಟ್ಟು, ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಲ್ಯಾಬಿನವರ ಕೈಗೆ ಕೊಡುತ್ತಿದ್ದ. ಮಧ್ಯಾಹ್ನ ಖಾಲಿ ಡಬ್ಬಿ ಅದೇ ಬಸ್ಸಿನಲ್ಲಿ ಮರಳುತ್ತಿತ್ತು. ಕೆಲಸಕ್ಕೆ ಸೇರಿದ ಮೂರನೇ ದಿನ ಅದರೊಳಗೆ ಒಂದು ಚೀಟಿ ಸಿಕ್ಕಿತು.

"ಲೇಬಲ್ ನೇರವಾಗಿ ಅಂಟಿಸಿ. ಓರೆಯಾದರೆ ಮೆಷಿನ್ ಓದುವುದಿಲ್ಲ. – ಶ್ರವಣ್, ಲ್ಯಾಬ್."

ಸುರಕ್ಷಾಳಿಗೆ ಮೈ ಉರಿಯಿತು. ಬೆಳಿಗ್ಗೆ ಐದೂವರೆಗೆ ಸ್ಕೂಟಿ ಹತ್ತಿ, ಕಕ್ಕಿಂಜೆಯ ಚಳಿಯಲ್ಲಿ ಮನೆ ಮನೆ ತಿರುಗಿ, ಮರಗಟ್ಟಿದ ಬೆರಳಲ್ಲಿ ಲೇಬಲ್ ಅಂಟಿಸುವವಳು ಅವಳು. ಎಸಿ ರೂಮಿನಲ್ಲಿ ಕೂತು ಓರೆ ನೇರ ಹೇಳುವವನು ಅವನು. ಚೀಟಿಯ ಹಿಂದೆ ಬರೆದಳು: "ನಿಮ್ಮ ಮೆಷಿನ್‌ಗೆ ಕುತ್ತಿಗೆ ಸ್ವಲ್ಪ ಓರೆ ಮಾಡಿ ಓದಲು ಹೇಳಿ."

ಮರುದಿನ ಉತ್ತರ ಬಂತು. "ಹೇಳಿ ನೋಡಿದೆ. ಅದಕ್ಕೆ ಕುತ್ತಿಗೆ ಇಲ್ಲವಂತೆ. ನನ್ನದನ್ನೇ ಓರೆ ಮಾಡಿ ಓದಿದ್ದೇನೆ. ನೋಯುತ್ತಾ ಉಂಟು."

ಬಸ್‌ಸ್ಟ್ಯಾಂಡಿನ ಮಧ್ಯೆ ನಿಂತು ಅವಳು ಒಬ್ಬಳೇ ನಕ್ಕಳು. ನೋಣಯ್ಯ ನೋಡಿಯೂ ನೋಡದವನ ಹಾಗೆ ಟಿಕೆಟ್ ಮೆಷಿನ್ ಒರೆಸಿಕೊಂಡ.

*

ಅವರಿಬ್ಬರೂ ದುಡಿಯುತ್ತಿದ್ದದ್ದು ಒಂದೇ ಸಂಶೋಧನೆಗೆ. ಕಿಡ್ನಿಗೆ ಪೆಟ್ಟಾದದ್ದು ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೂ ಮೊದಲೇ ಮೂತ್ರದಲ್ಲಿ ಒಂದು ಪ್ರೊಟೀನ್ ತಲೆ ಎತ್ತುತ್ತದೆ. ಆ ಮಾರ್ಕರನ್ನು ಹಿಡಿಯುವ ಟೆಸ್ಟನ್ನು ಶ್ರವಣ್ ಐದು ವರ್ಷ ಕೂತು ಕಟ್ಟಿದ್ದ. ಟೆಸ್ಟ್ ಗೆದ್ದರೆ ಬಂಟ್ವಾಳದ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದರ ಪ್ರಯೋಗ ಶುರುವಾಗುವುದಿತ್ತು. ಕಾಯಿಲೆ ಇನ್ನೂ ಮೊಳಕೆಯಲ್ಲಿರುವವರನ್ನು ಈ ಟೆಸ್ಟಿನಿಂದಲೇ ಆರಿಸಿ ಮಾತ್ರೆ ಕೊಡುವುದು. ಎಲ್ಲದರ ಮುಖ್ಯಸ್ಥೆ ಬಂಟ್ವಾಳದ ಡಾಕ್ಟರ್ ನೀಲಾವತಿ.

ಇನ್ನೂರಿಪ್ಪತ್ತು ಜನರ ಮೂತ್ರ ಬೇಕಿತ್ತು. ಅರ್ಧ ರೋಗಿಗಳದು, ಅರ್ಧ ಆರೋಗ್ಯವಂತರದು. ಟ್ಯೂಬಿನ ಲೇಬಲಿನಲ್ಲಿ ಹೆಸರಿಗೆ ಜಾಗವಿಲ್ಲ. ನಂಬರ್, ತಾರೀಕು, ಎಷ್ಟು ದಿನ ಇಡಬೇಕು, ಸಂಗ್ರಹಿಸಿದವರ ಸಹಿ, ಇಷ್ಟೇ. ಯಾವ ನಂಬರ್ ಯಾರದೆಂದು ಶ್ರವಣನಿಗೆ ಗೊತ್ತಾಗಬಾರದು. ಯಾವ ನಂಬರಿಗೆ ಏನು ಫಲಿತಾಂಶ ಬಂತೆಂದು ಸುರಕ್ಷಾಳಿಗೆ ಗೊತ್ತಾಗಬಾರದು. ಹಾಗಾಗಿ ಡಾಕ್ಟರ್ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು: ಮಾರ್ಚ್ ಇಪ್ಪತ್ತೆರಡಕ್ಕೆ ಬಂಟ್ವಾಳದಲ್ಲಿ ಎಲ್ಲರ ಎದುರು ನಂಬರುಗಳ ಕೋಡ್ ಒಡೆಯುವವರೆಗೆ ಫೀಲ್ಡಿನವರೂ ಲ್ಯಾಬಿನವರೂ ಭೇಟಿಯಾಗಬಾರದು. ಮಾತಾಡಿದರೆ ಡಬ್ಬಿ, ಐಸ್, ಟ್ಯೂಬಿನ ಬಗ್ಗೆ ಮಾತ್ರ.

ಇಬ್ಬರೂ ನಿಯಮ ಮುರಿಯಲಿಲ್ಲ. ನಿಯಮದ ಸಂದಿಯಲ್ಲಿ ನುಸುಳಿದರು.

"ಇವತ್ತು ಐಸ್ ಕರಗದೆ ಬಂದಿದೆ. ಅಲ್ಲಿ ಚಳಿ ಜಾಸ್ತಿಯಾ? ಡಬ್ಬಿಗೆ ಸ್ವೆಟರ್ ಉಂಟಾ?"

"ಡಬ್ಬಿಗೆ ಇಲ್ಲ. ಡಬ್ಬಿ ಹಿಡಿಯುವವರಿಗೆ ಉಂಟು. ಬಣ್ಣ ಹೇಳುವುದು ನಿಯಮದಲ್ಲಿ ಇಲ್ಲ."

"ಬಣ್ಣವು ಸ್ಯಾಂಪಲಿನ ಗುಣಮಟ್ಟಕ್ಕೆ ಸಂಬಂಧಿಸಿದ್ದು. ದಯವಿಟ್ಟು ನಮೂದಿಸಿ."

ಆ ಚೀಟಿಯನ್ನು ಅವಳು ಎರಡು ದಿನ ಪರ್ಸಿನಲ್ಲಿ ಇಟ್ಟುಕೊಂಡಳು. ಮೂರನೇ ದಿನ ಒಂದೇ ಪದ ಬರೆದಳು. "ಕೆಂಪು."

ಟ್ಯೂಬ್ ಒಡೆದರೆ ಫೋನ್ ಮಾಡಬಹುದು ಎಂಬ ನಿಯಮವೂ ಇತ್ತು. ದಿನಕ್ಕೊಂದು ಟ್ಯೂಬ್ ಒಡೆಯತೊಡಗಿತು, ಫೋನಿನಲ್ಲಿ ಮಾತ್ರ. ಅವನದು ಮೂಡುಬಿದಿರೆ ಸಮೀಪದ ಬೆಳುವಾಯಿ. ಮನೆಯಲ್ಲಿ ಇಬ್ಬರದೂ ತುಳುವೇ. ಆದರೆ ಮೊದಲ ದಿನ ಆಫೀಸಿನ ಕನ್ನಡದಲ್ಲಿ ಶುರುವಾದ ಮಾತು ಹಾಗೆಯೇ ಉಳಿಯಿತು. ಅವನ ದನಿ ತಗ್ಗಿನದು, ಪ್ರತಿ ಮಾತಿಗೂ ಮೊದಲು ಸಣ್ಣ ಮೌನ. ಆ ಮೌನಕ್ಕೆ ಕಾಯುವುದೇ ಸುರಕ್ಷಾಳ ಸಂಜೆಯ ಕೆಲಸವಾಯಿತು. ಮೂವತ್ತೆಂಟು ಕಿಲೋಮೀಟರ್ ದೂರದಲ್ಲಿರುವ ಒಬ್ಬನಿಗಾಗಿ ಎದೆ ಇಷ್ಟು ಎಳೆಯಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ.

ಜನವರಿಯ ಕೊನೆಯಲ್ಲಿ ಒಂದು ಸಂಜೆ ಅವನು ಹೇಳಿದ, "ಸಿಬ್ಬಂದಿ ಪಟ್ಟಿಯಲ್ಲಿ ನಿಮ್ಮ ಫೋಟೊ ನೋಡಿದೆ."

"ಹೇಗುಂಟು?"

ಸಣ್ಣ ಮೌನ. "ಚೆಂದ ಉಂಟು."

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ, ಖುಷಿಗಲ್ಲ, ಗಾಬರಿಗೆ. ಅದು ಡಿಗ್ರಿ ಎರಡನೇ ವರ್ಷದ ಫೋಟೊ. ಡೆಂಗ್ಯೂ ಬಂದು ಎದ್ದಾಗ ತೆಗೆಸಿದ್ದು, ಕೆನ್ನೆ ಒಳಗೆ ಹೋಗಿ ಕಣ್ಣು ದೊಡ್ಡದಾಗಿ ಕಾಣುವಂಥದ್ದು. ಈಗಿನ ಸುರಕ್ಷಾ ಅದಕ್ಕಿಂತ ಹನ್ನೊಂದು ಕಿಲೋ ಹೆಚ್ಚು. ಮಾರ್ಚ್ ಇಪ್ಪತ್ತೆರಡಕ್ಕೆ ಅವನು ಬಂಟ್ವಾಳದ ಸಭೆಯಲ್ಲಿ ಆ ಫೋಟೊದ ಹುಡುಗಿಯನ್ನು ಹುಡುಕುತ್ತಾನೆ. ಹುಡುಕಿ, ಎದುರಿಗೆ ನಿಂತ ಇವಳನ್ನು ದಾಟಿ ಹೋಗುತ್ತಾನೆ.

ಅಮ್ಮನ ತಂಗಿಯೊಬ್ಬರು ಕಲ್ಲಡ್ಕದಲ್ಲಿದ್ದರು. ಬಿಂಬುಳಿ ರಸ ಕುಡಿದು ಕೊಲೆಸ್ಟರಾಲ್ ಇಳಿಸಿಕೊಂಡೆ, ತೂಕ ಇಳಿದು ಸೊಂಟವೂ ಸಪೂರವಾಯಿತು ಎಂದು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಇವಳ ಮನೆಯ ಹಿತ್ತಲಲ್ಲೂ ಬಿಂಬುಳಿ ಮರದ ಕಾಂಡದ ತುಂಬ ಹಸಿರು ಕಾಯಿ ಜೋತಾಡುತ್ತಿತ್ತು. ಸಾರಿಗೆ ಎರಡು ಹಾಕಿದರೆ ಹಲ್ಲು ಚುಳ್ಳೆನ್ನುವ ಹುಳಿ. ಸುರಕ್ಷಾ ದಿನವೂ ನಸುಕಿಗೆ ಹದಿನೈದು ಕಾಯಿ ಕೊಯ್ದು, ಮಿಕ್ಸಿಗೆ ಹಾಕಿ ಸೋಸಿ, ಖಾಲಿ ಹೊಟ್ಟೆಗೆ ದೊಡ್ಡ ಲೋಟ ಕುಡಿಯಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಮಾರ್ಚ್ ಇಪ್ಪತ್ತೆರಡು ಎಂದುಕೊಂಡು ನುಂಗುತ್ತಿದ್ದಳು.

*

ಫೆಬ್ರವರಿಯ ಕೊನೆಯ ಸೋಮವಾರ, ಆರೋಗ್ಯವಂತರ ಪಟ್ಟಿ ಮುಗಿಸಲು ಕೊನೆಯ ದಿನ. ಇಪ್ಪತ್ತೈದರಿಂದ ಮೂವತ್ತು ವಯಸ್ಸಿನ ಒಬ್ಬ ಹೆಂಗಸು ಕಡಿಮೆ ಇದ್ದಳು. ಸುರಕ್ಷಾ ತನ್ನ ದೊಡ್ಡಮ್ಮನ ಮಗಳು ಕಾಂತಿಯನ್ನು ಒಪ್ಪಿಸಿದ್ದಳು. ಫಾರಂಗೆ ಸಹಿಯಾಗಿತ್ತು. ನಂಬರ್ ಇನ್ನೂರ ಹದಿನಾಲ್ಕು. ಏಳೂವರೆಗೆ ಮನೆಗೆ ಹೋದರೆ ಕಾಂತಿ ಬಾಗಿಲಲ್ಲೇ ಕೈಯಾಡಿಸಿದಳು.

"ಇವತ್ತು ಆಗ್ಲಿಕ್ಕಿಲ್ಲ ಮಾರಾಯ್ತಿ. ಬೆಳಿಗ್ಗೆ ಮುಟ್ಟಾಯಿತು. ಆಗ ತಗೊಳ್ಳಬಾರ್ದು ಅಂತ ನೀನೇ ಹೇಳಿದ್ದಲ್ವಾ? ಮೂರು ದಿನ ಬಿಟ್ಟು ಬಾ."

ಮೂರು ದಿನ ಇರಲಿಲ್ಲ. ಬಸ್ಸಿಗೆ ನಲವತ್ತು ನಿಮಿಷವಿತ್ತು. ಒಂದು ಟ್ಯೂಬ್ ಕಡಿಮೆಯಾದರೆ ಪಟ್ಟಿ ಮುಂದೆ ಹೋಗುತ್ತದೆ, ಪಟ್ಟಿ ಮುಂದೆ ಹೋದರೆ ಇಪ್ಪತ್ತೆರಡು ಮುಂದೆ ಹೋಗುತ್ತದೆ. ಸುರಕ್ಷಾಳಿಗೆ ಇಪ್ಪತ್ತೇಳು, ಕಾಂತಿಗೂ ಇಪ್ಪತ್ತೇಳು. ಒಂದೇ ಬಾವಿಯ ನೀರು ಕುಡಿದು ಬೆಳೆದವರು. ಕೆಲಸ ಮಾಡುವವರು ತಮ್ಮ ಸ್ಯಾಂಪಲ್ ಕೊಡಬಾರದು ಎಂಬ ನಿಯಮ ಅವಳಿಗೆ ಬಾಯಿಪಾಠವಿತ್ತು. ಆದರೂ ಕಾಂತಿಯ ಬಚ್ಚಲಿಗೆ ಹೋಗಿ ಟ್ಯೂಬ್ ತುಂಬಿಸಿದಳು. ಲೇಬಲಿಗೆ ಹಾಕಿದ ಸಹಿ ಸೊಟ್ಟಗಾಯಿತು. ಡಬ್ಬಿಗೆ ಎಂಟು ಹತ್ತರ ಬಸ್ಸು ಸಿಕ್ಕಿತು.

ಬುಧವಾರ ನಸುಕಿಗೇ, ಅವಳು ಬಿಂಬುಳಿ ರಸದ ಲೋಟ ಹಿಡಿದುಕೊಂಡಿರುವಾಗಲೇ ಫೋನ್ ಬಂತು.

"ಯಾವ ಟ್ಯೂಬ್ ಒಡೀತು ಇವತ್ತು?" ಎಂದು ನಕ್ಕಳು.

ಅವನು ನಗಲಿಲ್ಲ. "ಇನ್ನೂರ ಹದಿನಾಲ್ಕು. ಮಾರ್ಕರ್ ಐದು ಪಟ್ಟು ಮೇಲೆ ಉಂಟು. ಅಷ್ಟು ಬಂದರೆ ಡಾಕ್ಟರಿಗೆ ಕೂಡಲೇ ಹೇಳ್ಬೇಕು, ಹೇಳಿದೆ. ಅದು ಆರೋಗ್ಯವಂತರ ಪಟ್ಟಿಯವರದ್ದಂತೆ. ಇನ್ನೊಂದು ಸ್ಯಾಂಪಲ್ ಕೇಳಿದ್ದಾರೆ, ಈ ಒಂದು ನಂಬರಿನ ವಿಷಯ ನಿಮಗೆ ಹೇಳಲು ಅವರೇ ಬಿಟ್ಟಿದ್ದಾರೆ."

ಸುರಕ್ಷಾ ಲೋಟ ಕೆಳಗಿಟ್ಟಳು.

"ಯಾರು ಅಂತ ನಾನು ಕೇಳುವುದಿಲ್ಲ," ಎಂದ ಅವನು. "ಆದರೆ ನಿನ್ನೆಯಿಂದ ಅದೇ ತಲೆಯಲ್ಲಿ ಉಂಟು. ಯಾರೋ ಪಾಪ, ಈಗ ನಿಮ್ಮ ಹಾಗೆ ಆರಾಮದಲ್ಲಿ ನಗ್ತಾ ಇರ್ಬಹುದು. ಅವರ ಕಿಡ್ನಿಗೆ ಏನೋ ಆಗ್ತಾ ಉಂಟು, ಅವರಿಗೆ ಗೊತ್ತಿಲ್ಲ. ಗೊತ್ತಿರುವುದು ನಮಗೆ ಮಾತ್ರ. ನೀವು ಅವರನ್ನು ಸ್ವಲ್ಪ ನೋಡಿಕೊಳ್ತೀರಾ?"

"ನೋಡಿಕೊಳ್ತೇನೆ," ಎಂದಳು.

ಅವನು ತನಗಾಗಿ ಮರುಗುತ್ತಿದ್ದಾನೆ. ತನಗೆಂದು ತಿಳಿಯದೆ ಮರುಗುತ್ತಿದ್ದಾನೆ. ಅಂಥ ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಅವಳು ಎಷ್ಟು ಸಂಜೆ ಹಂಬಲಿಸಿದ್ದಳು. ಈಗ ಅದು ಬಂದದ್ದು ಒಂದು ನಂಬರಿನ ಹೆಸರಿಗೆ.

ಹೇಳಿಬಿಡಬಹುದಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಅವನೂ ಹೋಗುತ್ತಾನೆ. ಲೇಬಲ್ ಓರೆಯಾದರೆ ಚೀಟಿ ಬರೆಯುವವನು ಸುಳ್ಳು ಟ್ಯೂಬ್ ಕಳಿಸಿದವಳನ್ನು ಏನೆಂದುಕೊಂಡಾನು? ತನಗೇನೂ ಆಗಿಲ್ಲ, ಮೆಷಿನ್ನೇ ತಪ್ಪಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎರಡು ದಿನದಿಂದ ಊಟ ಸೇರದೆ ಹೊಟ್ಟೆ ತೊಳೆಸುತ್ತಿದ್ದದ್ದಕ್ಕೆ ಕಾಂತಿಯ ಬಚ್ಚಲಲ್ಲಿ ಮಾಡಿದ ಆ ಕೆಲಸದ ಅಳುಕೇ ಕಾರಣ ಎಂದುಕೊಂಡಳು. ಕಾಂತಿ ಹೇಳಿದ ಮೂರು ದಿನ ಮುಗಿದ ಮೇಲೆ ಹೋಗಿ ಅವಳದೇ ಸ್ಯಾಂಪಲ್ ತಂದು ಕಳಿಸಿದಳು. ಫಾರಂ ಕಾಂತಿಯದು, ಈಗ ಮೂತ್ರವೂ ಕಾಂತಿಯದು. ಇನ್ನು ಯಾರಿಗೂ ಮೋಸವಾಗಲಿಲ್ಲ ಎಂದು ನಂಬಲು ಪ್ರಯತ್ನಪಟ್ಟಳು.

*

ಮುಂದಿನ ಸೋಮವಾರ ಸಂಜೆ ಫೋನಿನಲ್ಲಿ ಅವನ ಮೌನ ಎಂದಿಗಿಂತ ಉದ್ದವಿತ್ತು.

"ಎರಡನೇ ಸ್ಯಾಂಪಲ್ ನಾರ್ಮಲ್ ಬಂತು," ಎಂದ.

"ಒಳ್ಳೆಯದೇ ಅಲ್ವಾ?"

"ಅವರಿಗೆ ಒಳ್ಳೆಯದು. ಹಳೇ ಟ್ಯೂಬನ್ನು ಇನ್ನೊಂದು ಸಲ ಹಾಕಿದೆ, ಮತ್ತೆ ಐದು ಪಟ್ಟು. ಒಂದೇ ಜನ, ನಾಲ್ಕೇ ದಿನ, ಹೀಗೆ ಆಗ್ಲಿಕ್ಕೆ ಸಾಧ್ಯವೇ ಇಲ್ಲ. ಹಾಗಾದ್ರೆ ತಪ್ಪು ಇರುವುದು ನನ್ನ ಟೆಸ್ಟಿನಲ್ಲಿ. ಆರೋಗ್ಯ ಇರುವವರನ್ನು ರೋಗಿ ಅಂತ ಹೇಳುವ ಟೆಸ್ಟನ್ನು ಯಾರು ನಂಬ್ತಾರೆ? ನಾಳೆ ಡಾಕ್ಟರ್ ಇಲ್ಲಿಗೇ ಬರ್ತಾರಂತೆ. ಮಾತ್ರೆಯ ಪ್ರಯೋಗ ನಿಲ್ಲಿಸುವ ಅಂತ ಇದ್ದಾರೆ." ಆಮೇಲೆ ಹೇಳಿದ, "ಐದು ವರ್ಷ, ಸುರಕ್ಷಾ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಫೋನ್ ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಕಕ್ಕಿಂಜೆಯಲ್ಲಿ ಗುರುವಪ್ಪಣ್ಣನ ಮನೆಗೆ ಹೋಗುವುದಿತ್ತು. ಐವತ್ತು ದಾಟಿದ, ಕಿಡ್ನಿಯ ಕಾಯಿಲೆ ಶುರುವಾಗುತ್ತಿದ್ದ ಮನುಷ್ಯ. ಟ್ಯೂಬ್ ಕೈಗೆ ಕೊಟ್ಟು ಎಂದಿನಂತೆ ಕೇಳಿದರು, "ಮಗಾ, ಆ ಮಾತ್ರೆ ಯಾವಾಗ ಬರ್ತದೆ? ಡಯಾಲಿಸಿಸ್‌ಗೆ ಹೋಗುವ ಮೊದಲು ಬರ್ತದಾ?"

"ಬರ್ತದೆ ಗುರುವಪ್ಪಣ್ಣ," ಎಂದಳು. ಗೇಟು ದಾಟಿ ಸ್ಕೂಟಿಯ ಮೇಲೆ ಕೂತು ಅತ್ತಳು. ಮಾತ್ರೆಯನ್ನು ತಡೆದು ನಿಲ್ಲಿಸಿದ್ದು ಅವಳ ಒಂದು ಟ್ಯೂಬ್.

ಎಂಟು ಹತ್ತಕ್ಕೆ ನೋಣಯ್ಯ ಡಬ್ಬಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಒಂದು ಮೂಡುಬಿದಿರೆ," ಎಂದಳು.

"ಡಬ್ಬಿಗೆ ಟಿಕೆಟ್ ಯಾಕೆ ಅಕ್ಕಾ?"

"ಡಬ್ಬಿಗಲ್ಲ, ನನಗೆ."

ನೋಣಯ್ಯ ಅವಳ ಮುಖ ನೋಡಿ, ಬಾಯಿಗೆ ಬಂದ ತಮಾಷೆಯನ್ನು ನುಂಗಿ ಟಿಕೆಟ್ ಹರಿದು ಕೊಟ್ಟ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಿಟಕಿಯ ಬಳಿ ಕೂತಳು. ಗುರುವಾಯನಕೆರೆ, ವೇಣೂರು ಎಲ್ಲ ಹಿಂದೆ ಹೋದವು. ನಾಲ್ಕು ತಿಂಗಳು ಈ ದಾರಿಯಲ್ಲಿ ಡಬ್ಬಿಯ ಜೊತೆ ಅವಳ ಮನಸ್ಸು ಹೋಗಿ ಬರುತ್ತಿತ್ತು. ಮೈ ಹೋಗುತ್ತಿರುವುದು ಇದೇ ಮೊದಲು, ಅದೂ ಎಲ್ಲವನ್ನೂ ಮುಗಿಸಲು.

*

ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿಗಾಗಿ ಕಾಯುತ್ತಿದ್ದವನನ್ನು ಅವಳು ಕೂಡಲೇ ಗುರುತಿಸಿದಳು. ಉದ್ದನೆಯ ಮನುಷ್ಯ, ಕನ್ನಡಕ, ಅಂಗಿಯ ಜೇಬಿನಲ್ಲಿ ಶಾಯಿಯ ಕಲೆ. ನಿಜವಾಗಿಯೂ ಕುತ್ತಿಗೆ ಸ್ವಲ್ಪ ಓರೆ ಮಾಡಿಕೊಂಡೇ ನಿಂತಿದ್ದ. ಅವನ ಕಣ್ಣು ಮೊದಲು ಡಬ್ಬಿಯ ಮೇಲೆ, ಆಮೇಲೆ ಕೆಂಪು ಸ್ವೆಟರಿನ ಮೇಲೆ, ಆಮೇಲೆ ಅವಳ ಮುಖದ ಮೇಲೆ ಬಂದು ನಿಂತಿತು. ಎರಡೂ ಕಿವಿ ಕೆಂಪಾದವು.

"ನೀವು ಬರಬಾರದಿತ್ತು," ಎಂದ. ದನಿಯಲ್ಲಿದ್ದ ಖುಷಿ ಮುಚ್ಚಲಾಗಲಿಲ್ಲ.

"ಡಾಕ್ಟರ್ ಇದ್ದಾರಾ? ಇಬ್ಬರಿಗೂ ಒಟ್ಟಿಗೆ ಹೇಳ್ಬೇಕು."

ಲ್ಯಾಬಿನಲ್ಲಿ ಡಾಕ್ಟರ್ ನೀಲಾವತಿ ಫೈಲುಗಳ ಎದುರು ಕೂತಿದ್ದರು. ಸುರಕ್ಷಾ ಕೂರಲಿಲ್ಲ. ನಿಂತೇ ಹೇಳಿದಳು.

"ಇನ್ನೂರ ಹದಿನಾಲ್ಕರ ಮೊದಲನೇ ಟ್ಯೂಬ್ ನನ್ನದು, ಮೇಡಂ. ಎರಡನೆಯದು ಕಾಂತಿಯದು. ಟೆಸ್ಟ್ ತಪ್ಪಿಲ್ಲ. ತಪ್ಪಿದ್ದು ನಾನು."

ಶ್ರವಣನ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ನೋಡಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಿಮ್ಮದಾ?" ಎಂದ. ಮೊದಲು ಬಂದದ್ದು ಸಿಟ್ಟಿನ ಮಾತಲ್ಲ. "ಕಾಲು ಊದಿಕೊಂಡಿದೆಯಾ? ಮೂತ್ರ ಸರಿಯಾಗಿ ಹೋಗ್ತದಾ? ಎಂಟು ದಿನ! ಎಂಟು ದಿನ ಏನೂ ಹೇಳದೆ ಕೂತಿರಾ?" ಕೊನೆಯ ಮಾತಿಗೆ ಸಿಟ್ಟೂ ಬಂತು. ಮುಖ ತಿರುಗಿಸಿ ಕಿಟಕಿಯ ಕಡೆ ಹೋಗಿ ನಿಂತ.

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೈಯುವುದು ಆಮೇಲೆ. ಯಾವುದಾದರೂ ಮಾತ್ರೆ ತಗೊಳ್ತಿದ್ದೀಯಾ? ನೋವಿನ ಮಾತ್ರೆ?"

"ಇಲ್ಲ ಮೇಡಂ."

"ನಾಟಿ ಮದ್ದು? ಕಷಾಯ?"

"ಮದ್ದು ಅಂತ ಅಲ್ಲ. ಬಿಂಬುಳಿ ರಸ. ಬೆಳಿಗ್ಗೆ ಒಂದು ಲೋಟ."

ಡಾಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟರು. "ಖಾಲಿ ಹೊಟ್ಟೆಗಾ? ಎಷ್ಟು ದಿನದಿಂದ?"

"ಐದು ವಾರ ಆಯ್ತು. ಇವತ್ತು ಬೆಳಿಗ್ಗೆಯೂ ಕುಡಿದೆ."

"ದೇವರೇ! ಆ ಹುಳಿಯಲ್ಲಿ ಇರುವ ಆಕ್ಸಲೇಟ್ ಕಿಡ್ನಿಯಲ್ಲಿ ಹೋಗಿ ಹರಳುಗಟ್ಟಿ ಕೂತ್ಕೊಳ್ತದೆ. ಸಾರಿಗೆ ಎರಡು ಹಾಕಿದರೆ ಬೇರೆ, ಲೋಟಗಟ್ಟಲೆ ಕುಡಿದು ಡಯಾಲಿಸಿಸ್ ತನಕ ಹೋದವರನ್ನು ನಾನು ನೋಡಿದ್ದೇನೆ. ಯಾಕೆ ಕುಡಿದದ್ದು?"

"ಸಪೂರ ಆಗ್ಲಿಕ್ಕೆ."

"ಸಪೂರ ಆಗಿ ಯಾರಿಗೆ ತೋರಿಸ್ಲಿಕ್ಕೆ ಇತ್ತು ನಿನಗೆ?"

ಸುರಕ್ಷಾ ಮೇಜಿನ ಮೇಲಿನ ನೀಲಿ ಡಬ್ಬಿಯನ್ನೇ ನೋಡುತ್ತ ನಿಂತಳು. ಕಣ್ಣಿಂದ ನೀರು ಇಳಿಯಿತು. ಡಾಕ್ಟರ್ ಅವಳನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಕಿಟಕಿಯ ಬಳಿ ಬೆನ್ನು ಮಾಡಿ ನಿಂತವನ ಕೆಂಪು ಕಿವಿಗಳನ್ನು ನೋಡಿದರು. ಮತ್ತೆ ಅದನ್ನು ಕೇಳಲಿಲ್ಲ.

ಶಿಕ್ಷೆ ಮಾತ್ರ ತಪ್ಪಲಿಲ್ಲ. ಇನ್ನೂರ ಹದಿನಾಲ್ಕು ಪಟ್ಟಿಯಿಂದ ಹೊರಗೆ. ಆದದ್ದೆಲ್ಲ ವರದಿಯಲ್ಲಿ ಬರೆಯಬೇಕು. ಸುರಕ್ಷಾಳಿಗೆ ಇವತ್ತಿನಿಂದಲೇ ಕೆಲಸವಿಲ್ಲ. "ನಿನ್ನನ್ನು ಇಟ್ಟುಕೊಂಡರೆ ನಾಳೆ ನನ್ನ ಒಂದು ಟ್ಯೂಬನ್ನೂ ಯಾರೂ ನಂಬ್ಲಿಕ್ಕಿಲ್ಲ," ಎಂದರು ಡಾಕ್ಟರ್. ಆಮೇಲೆ ದನಿ ತಗ್ಗಿಸಿ, "ಈಗ ನನ್ನ ಕಾರಿನಲ್ಲಿ ಬಂಟ್ವಾಳಕ್ಕೆ ಹೋಗುವ. ಅಡ್ಮಿಟ್ ಆಗ್ಬೇಕು. ಮೊದಲೇ ಸಿಕ್ಕಿದೆ, ಸರಿಯಾಗ್ಬಹುದು. ಮಾಮೂಲಿ ಟೆಸ್ಟಿಗೆ ಕಾದಿದ್ದರೆ ಕಥೆ ಬೇರೆ ಇತ್ತು. ಶ್ರವಣ್, ಕೇಳಿತಾ? ನಿನ್ನ ಟೆಸ್ಟ್ ಪಾಸಾಯ್ತು."

ಶ್ರವಣ್ ತಿರುಗಲಿಲ್ಲ. ಅವಳು ಬಾಗಿಲು ದಾಟುವವರೆಗೂ ತಿರುಗಲಿಲ್ಲ.

*

ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಆಮೇಲೆ ಮನೆ, ಲೀಟರುಗಟ್ಟಲೆ ನೀರು. ಅಮ್ಮ ಕಲ್ಲಡ್ಕದ ತಂಗಿಗೆ ಫೋನ್ ಮಾಡಿ ಆ ರಸವನ್ನು ಈ ಕ್ಷಣವೇ ಚೆಲ್ಲು ಎಂದು ಹೇಳಿ, ಅತ್ತು, ಜಗಳವಾಡಿ ಇಟ್ಟರು. ಇತ್ತ ಶ್ರವಣನಿಂದ ಒಂದು ಕರೆಯಿಲ್ಲ, ಒಂದು ಮೆಸೇಜಿಲ್ಲ. ಈಗ ಅವಳು ಡಾಕ್ಟರರ ರೋಗಿ. ಕೋಡ್ ಒಡೆಯುವವರೆಗೆ ರೋಗಿಯ ಜೊತೆ ಲ್ಯಾಬಿನವನಿಗೆ ಯಾವ ಮಾತೂ ಇಲ್ಲ ಎಂಬ ನಿಯಮ ಅವಳಿಗೂ ಗೊತ್ತಿತ್ತು. ಆದರೆ ನಿಯಮಕ್ಕೆ ಸುಮ್ಮನಿದ್ದಾನೋ, ಸಿಟ್ಟಿಗೆ ಸುಮ್ಮನಿದ್ದಾನೋ ಎಂದು ಹೇಗೆ ಗೊತ್ತಾಗಬೇಕು?

ಎಂಟು ಹತ್ತರ ಆ ಬಸ್ಸು ದಿನವೂ ಮನೆಯೆದುರಿನ ರಸ್ತೆಯಲ್ಲಿ ಹಾರ್ನ್ ಹಾಕುತ್ತ ಹೋಗುತ್ತಿತ್ತು. ಡಬ್ಬಿ ಕಳಿಸಲು ಈಗ ಬೇರೆ ಯಾರೋ ಇದ್ದರು. ಅವರ ಲೇಬಲ್ ನೇರವಾಗಿರುತ್ತದೇನೋ ಎಂದುಕೊಂಡಾಗ ಹಳೇ ಚೀಟಿಗಳನ್ನು ತೆಗೆದು ಓದುತ್ತಿದ್ದಳು. ಐಸ್, ಟ್ಯೂಬ್, ಡಬ್ಬಿ, ಸ್ವೆಟರ್. ಅದರಲ್ಲಿ ಪ್ರೀತಿ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಇದ್ದದ್ದೆಲ್ಲ ಅದೇ.

ವಾರಕ್ಕೊಮ್ಮೆ ಬಂಟ್ವಾಳಕ್ಕೆ ಹೋಗಿ ಸ್ಯಾಂಪಲ್ ಕೊಡಬೇಕಿತ್ತು. ಅದೂ ಮೂಡುಬಿದಿರೆಯ ಲ್ಯಾಬಿಗೇ ಹೋಗುತ್ತದೆ, ಹೆಸರಿಲ್ಲದೆ, ಹತ್ತಾರು ಟ್ಯೂಬುಗಳ ನಡುವೆ. ಮೊದಲ ವಾರ ನರ್ಸ್ ಲೇಬಲ್ ಅಂಟಿಸಲು ಹೊರಟಾಗ ಸುರಕ್ಷಾ ಕೇಳಿದಳು, "ನಾನೇ ಅಂಟಿಸ್ತೇನೆ ಸಿಸ್ಟರ್, ಅಭ್ಯಾಸ ಉಂಟು." ಅಂಟಿಸಿದಳು, ಬೇಕೆಂದೇ ಓರೆಯಾಗಿ. ಎರಡನೇ ವಾರವೂ ಹಾಗೆಯೇ. ಮೂರನೇ ವಾರವೂ ಹಾಗೆಯೇ. ಮಾತಾಡಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ.

ಮಾರ್ಚ್ ಇಪ್ಪತ್ತೆರಡರ ಶನಿವಾರ ಬಂಟ್ವಾಳದಲ್ಲಿ ಕೋಡ್ ಒಡೆದರು. ಟೆಸ್ಟ್ ಗೆದ್ದಿತು, ಮೇ ತಿಂಗಳಿಂದ ಮಾತ್ರೆಯ ಪ್ರಯೋಗ ಶುರು ಎಂದು ಗುರುವಪ್ಪಣ್ಣನೇ ಫೋನ್ ಮಾಡಿ ಹೇಳಿದರು. ಅವಳು ಇಡೀ ದಿನ ಕೆಂಪು ಸ್ವೆಟರನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

*

ಮರುದಿನ ಭಾನುವಾರ, ಮಧ್ಯಾಹ್ನ ಕಳೆದಿತ್ತು. ಖಾಲಿ ಡಬ್ಬಿ ಮರಳುವ ಹೊತ್ತಿನ ಬಸ್ಸು ಅವಳ ಮನೆಯೆದುರು, ಸ್ಟಾಪೇ ಇಲ್ಲದ ಕಡೆ ನಿಂತಿತು. ನೋಣಯ್ಯ ಬಾಗಿಲಲ್ಲಿ ನೇತಾಡುತ್ತ ಕೂಗಿದ, "ಅಕ್ಕಾ, ನಿಮ್ಮ ಪಾರ್ಸೆಲ್! ಈ ಸಲ ಕಳಿಸಿದವರೂ ಜೊತೆಗೆ ಬಂದಿದ್ದಾರೆ!"

ಶ್ರವಣ್ ಇಳಿದ. ತೊಳೆದರೂ ಹೋಗದ ಅದೇ ಶಾಯಿಯ ಕಲೆ. ಕೈಯಲ್ಲಿ ಒಂದು ನೀಲಿ ಡಬ್ಬಿ. ಬಸ್ಸಿನ ಕಿಟಕಿಗಳಿಂದ ಹತ್ತು ತಲೆ ಇಣುಕಿದವು. ನೋಣಯ್ಯ ಶಿಳ್ಳೆ ಹೊಡೆದು ಬಸ್ಸು ಹೊರಡಿಸಿದ.

ಗೇಟಿನ ಆಚೆ ಅವನು, ಈಚೆ ಅವಳು. ಸಣ್ಣ ಮೌನ. ಈ ಸಲ ಆ ಮೌನಕ್ಕೆ ಮುಖವೂ ಇತ್ತು.

"ಎಂಟು ದಿನ ಸಿಟ್ಟಿತ್ತು," ಎಂದ. "ನೀವು ಎಷ್ಟು ದಿನ ಸುಮ್ಮನಿದ್ದಿರೋ ಅಷ್ಟೇ ದಿನ. ಆಮೇಲಿನದ್ದು ನಿಯಮ. ನಿನ್ನೆಗೆ ಅದೂ ಮುಗೀತು."

"ನನ್ನ ಟ್ಯೂಬ್ ನಿಮಗೆ ಗೊತ್ತಾಗ್ತಿತ್ತಾ?"

"ಮೂರು ವಾರ ಕುತ್ತಿಗೆ ನೋವು. ಗೊತ್ತಾಗದೆ ಇರ್ತದಾ?"

ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು. "ಮೊನ್ನೆಯದರಲ್ಲಿ ಏನು ಬಂತು?"

"ಅದನ್ನು ನಾನು ಹೇಳಬಾರದು. ನಾಳೆ ಡಾಕ್ಟರ್ ಫೋನ್ ಮಾಡ್ತಾರೆ." ಡಬ್ಬಿಯನ್ನು ಗೇಟಿನ ಕಂಬದ ಮೇಲಿಟ್ಟ. "ಆದರೆ ನಾನು ಗೋಳಿಬಜೆ ತಂದಿದ್ದೇನೆ. ಕೆಟ್ಟ ಸುದ್ದಿ ಇದ್ದರೆ ಯಾರಾದ್ರೂ ಗೋಳಿಬಜೆ ತರ್ತಾರಾ? ನೀವೇ ಅಂದಾಜು ಮಾಡಿ."

"ಅಯ್ಯೋ, ಸ್ಯಾಂಪಲ್ ಡಬ್ಬಿಯಲ್ಲಿ ತಿಂಡಿಯಾ!"

"ಹೊಸದು ಮಾರಾಯ್ರೆ, ನಿನ್ನೆ ತಗೊಂಡದ್ದು. ಐಸ್ ಕರಗದ ಡಬ್ಬಿಯಲ್ಲಿ ಬಿಸಿಯೂ ಆರುವುದಿಲ್ಲ ಅಂತ ನೋಡ್ಲಿಕ್ಕೆ ಇತ್ತು." ಮುಚ್ಚಳ ತೆಗೆದ. ಬಾಳೆಲೆಯೊಳಗಿನ ದುಂಡು ಬೋಂಡಾಗಳಿಂದ ಹಬೆ ಎದ್ದಿತು.

"ಗೋಳಿಬಜೆ ನನಗೆ ಇಷ್ಟ ಅಂತ ಯಾರು ಹೇಳಿದ್ದು?"

ಅವನ ಕಿವಿ ಕೆಂಪಾಗತೊಡಗಿತು. "ಜನವರಿಯಲ್ಲಿ ಒಂದು ದಿನ ರಜೆ ಹಾಕಿ ಬೆಳಿಗ್ಗೆಯೇ ಬೆಳ್ತಂಗಡಿಗೆ ಬಂದಿದ್ದೆ. ಬಸ್ಸಿನ ಒಳಗೇ ಕೂತಿದ್ದೆ. ನೀವು ನೋಣಯ್ಯನ ಕೈಗೆ ಡಬ್ಬಿ ಕೊಟ್ಟು, ಹೋಟೆಲಿನ ಎದುರು ನಿಂತು ಗೋಳಿಬಜೆ ತಿಂತಾ ಇದ್ದಿರಿ. ಕೆಂಪು ಸ್ವೆಟರಿಗೆ ಚಟ್ನಿ ಬಿತ್ತು, ಬೆರಳಲ್ಲಿ ತೆಗೆದು ಅದನ್ನೂ ತಿಂದಿರಿ. ಇಳಿಯುವ ಅಂತ ಎದ್ದೆ. ನಿಯಮ ನೆನಪಾಗಿ ಮತ್ತೆ ಕೂತೆ. ಫೋಟೊ ಚೆಂದ ಉಂಟು ಅಂತ ಹೇಳಿದ್ದು ಅದರ ನಂತರ, ಸುರಕ್ಷಾ. ಫೋಟೊದ ಬಗ್ಗೆ ಅಲ್ಲ ಹೇಳಿದ್ದು." ತಲೆ ತಗ್ಗಿಸಿದ. "ಆ ದಿನ ಇಳಿದು ಬಂದಿದ್ದರೆ ನೀವು ಆ ರಸ ಕುಡೀತಿರ್ಲಿಲ್ಲ. ನಿಮ್ಮ ಮೇಲೆ ಸಿಟ್ಟು ಮುಗಿದ ಮೇಲೆ ನನ್ನ ಮೇಲೆಯೇ ಬಂತು."

ಅವನು ಬೆಳ್ತಂಗಡಿಗೆ ಬಂದಿದ್ದ. ಅವಳನ್ನು ಇದ್ದ ಹಾಗೆಯೇ ನೋಡಿದ್ದ. ಸುರಕ್ಷಾ ಒಂದು ಗೋಳಿಬಜೆ ತೆಗೆದು ಬಾಯಿಗಿಟ್ಟಳು. ಬಿಸಿಯಿತ್ತು.

ಆಗ ಡಬ್ಬಿಯ ಪಕ್ಕದ ಲೇಬಲ್ ಕಣ್ಣಿಗೆ ಬಿತ್ತು. ಲ್ಯಾಬಿನದೇ ಲೇಬಲ್, ಅವನದೇ ಅಕ್ಷರ.

"ಇದೆಂತ, ಓರೆ ಉಂಟಲ್ಲ?"

"ಗೊತ್ತುಂಟು. ಕುತ್ತಿಗೆ ಸ್ವಲ್ಪ ಓರೆ ಮಾಡಿ ಓದಿ."

ಅವಳು ಓದಿದಳು. ನಂಬರ್ ಬರೆಯುವ ಜಾಗದಲ್ಲಿ ಸುರಕ್ಷಾ ಎಂದು ಹೆಸರಿತ್ತು. ತಾರೀಕು ಇವತ್ತಿನದು. ಎಷ್ಟು ದಿನ ಇಡಬೇಕು ಎಂಬಲ್ಲಿ, ಕೊನೆಯವರೆಗೆ. ಸಹಿಯ ಜಾಗ ಖಾಲಿಯಿತ್ತು.

"ಎಂಕ್ ಈರೇ ಬೋಡು," ಎಂದ ಶ್ರವಣ್. ನನಗೆ ನೀವೇ ಬೇಕು ಎಂಬುದನ್ನು ಆಫೀಸಿನ ಕನ್ನಡದಲ್ಲಿ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಅವಳು ಎಣ್ಣೆಯ ಬೆರಳನ್ನು ಹೆಗಲ ಮೇಲಿದ್ದ ಕೆಂಪು ಸ್ವೆಟರಿಗೇ ಒರೆಸಿಕೊಂಡು ಅವನ ಜೇಬಿನ ಪೆನ್ನಿಗೆ ಕೈ ಹಾಕಿದಳು. ಓರೆಯಾದ ಲೇಬಲಿನ ಮೇಲೆ ಸಹಿಯನ್ನು ಮಾತ್ರ ನೇರವಾಗಿ ಹಾಕಿದಳು.